ಹೆದ್ದಾರಿಯ ಕೆಳಗಿನ ಕುರಿದಾರಿ

ನಾನು ಮದುವೆಯಾಗಿ ಬಂದ ಮನೆಯ ಗೋಡೆಗಳು ಅದುರುತ್ತಿದ್ದವು. ಮೊದಲ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದಾಗ ಗೂಡಿನಲ್ಲಿಟ್ಟಿದ್ದ ಲೋಟಗಳು ತಮ್ಮಷ್ಟಕ್ಕೆ ತಾವೇ ಗಲಗಲ ಸದ್ದು ಮಾಡಿದವು. ಭೂಮಿ ನಡುಗುತ್ತಿದೆ ಎಂದುಕೊಂಡು ಎದ್ದು ಅಂಗಳಕ್ಕೆ ಓಡಿದೆ. ಅಲ್ಲಿ ತಬ್ಬಲಿ ಕುರಿಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು.

“ಯಾಕಮ್ಮಿ, ಇಂಗ್ ಓಡ್ ಬಂದೆ?”

“ಮನೆ ಅಲ್ಲಾಡ್ತೈತೆ ಅತ್ತೆ.”

“ಲಾರಿ ಕಣಮ್ಮ. ಲೋಡ್ ಹೊತ್ಕೊಂಡು ಹೋಗ್ತವೆ, ಅದಕ್ಕೆ ಅಲ್ಲಾಡ್ತದೆ. ಒಂದ್ ವಾರ ಇದ್ದುಬುಡು. ಆಮೇಲೆ ಅಲ್ಲಾಡ್ದಿದ್ರೆ ನಿದ್ದೆ ಬರಾಕಿಲ್ಲ.”

ನನ್ನ ತವರು ಪಾವಗಡದ ಕಡೆ, ನಾಗಲಮಡಿಕೆಗೆ ಹತ್ತಿರದ ಒಂದು ಹಟ್ಟಿ. ನಾಲ್ಕು ಹೊಲ ದಾಟಿದರೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿ ನಮ್ಮ ಕುರಿಗಳು ರಸ್ತೆಯ ಮೇಲೆ ಮಲಗಿದ್ದರೆ ಬಸ್ಸಿನ ಕಂಡಕ್ಟರ್ ಇಳಿದು ಬಂದು ಎಬ್ಬಿಸುತ್ತಿದ್ದ. ಪಿಯುಸಿ ಮುಗಿಸಿದ ಮೇಲೆ ನನ್ನನ್ನು ಶಿರಾ ತಾಲ್ಲೂಕಿನ ಈ ಊರಿಗೆ ಕೊಟ್ಟರು. ಗಂಡಿನ ಮನೆಯವರೂ ನಮ್ಮ ಹಾಗೆಯೇ ಕುರಿ ಸಾಕುವವರು, ಜೊತೆಗೆ ಸ್ವಲ್ಪ ಹೊಲ ಇದೆ, ಮನೆ ರೋಡ್ ಪಕ್ಕದಲ್ಲೇ ಇದೆ ಎಂದು ನನ್ನಪ್ಪ ಹೆಮ್ಮೆಯಿಂದ ಹೇಳಿಕೊಂಡಿದ್ದ. ರೋಡ್ ಪಕ್ಕದ ಮನೆ ಎಂದರೆ ಆಗ ದೊಡ್ಡ ಮಾತು.

ಆ ರೋಡನ್ನು ಊರಿನವರು ಪೂನಾ ರೋಡು ಎನ್ನುತ್ತಿದ್ದರು. ನಾನು ಬಂದಾಗ ಅದಕ್ಕೆ ಎರಡೂ ಕಡೆ ಹುಣಸೆಮರಗಳಿದ್ದವು. ಲಾರಿಗಳು ಆ ನೆರಳಿನಲ್ಲಿ ನಿಂತು ಹೋಗುತ್ತಿದ್ದವು. ಅತ್ತೆ ಬೆಳಿಗ್ಗೆ ಮಂದೆ ಬಿಟ್ಟುಕೊಂಡು ರಸ್ತೆಯ ಅಂಚಿಗೆ ಹೋಗಿ ಕೋಲು ಮೇಲೆತ್ತಿದರೆ ಸಾಕು, ಬರುತ್ತಿದ್ದ ಲಾರಿ ನಿಧಾನವಾಗುತ್ತಿತ್ತು. ಕುರಿಗಳೆಲ್ಲ ದಾಟುವವರೆಗೆ ಡ್ರೈವರ್ ಬೀಡಿ ಹಚ್ಚಿಕೊಳ್ಳುತ್ತಿದ್ದ. ರಸ್ತೆಯ ಪಡುವಲಿಗೆ ಕೆರೆ. ಕೆರೆ ತುಂಬುತ್ತಿದ್ದದ್ದು ಅಪರೂಪಕ್ಕೆ. ಉಳಿದ ಕಾಲದಲ್ಲೆಲ್ಲ ಅದರ ಅಂಗಳದ ಹುಲ್ಲೇ ನಮ್ಮ ಕುರಿಗಳಿಗೆ ಮೇವು. ಊರು, ಹೊಲ, ಹಿಂದಿನ ಗುಡ್ಡ ಎಲ್ಲ ಮೂಡಲಿಗೆ. ಅಂದರೆ ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಾಟಲೇಬೇಕು.

ಅತ್ತೆ ಎತ್ತರದ ಹೆಂಗಸು. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಒಮ್ಮೆ ಮಧುಗಿರಿ ಕಡೆಯ ಮೇವಿನ ಕಾವಲಿನಲ್ಲಿ ಮಂದೆಯ ಮೇಲೆ ಬಿದ್ದ ತೋಳವನ್ನು ಕೋಲಿನಲ್ಲೇ ಹೊಡೆದು ಓಡಿಸಿದ್ದರಂತೆ. ಅದನ್ನು ಅವರು ಎಂದೂ ಹೇಳಿಕೊಳ್ಳಲಿಲ್ಲ, ಊರಿನವರು ಹೇಳುತ್ತಿದ್ದರು. ಭಯ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಆ ದಿನಗಳಲ್ಲಿ ಕೇಳಿದ್ದಿಲ್ಲ.

ನನಗೋ ಭಯ ಬಿಟ್ಟರೆ ಬೇರೆ ಇರಲಿಲ್ಲ. ಲಾರಿಯ ಹಾರನ್ನು ಕೇಳಿದರೆ ಎದೆ ಹಿಡಿದುಕೊಳ್ಳುತ್ತಿದ್ದೆ. ನಾನು ಕೆಲಸ ಹುಡುಕಿಕೊಂಡು ಮನೆಯೊಳಗೇ ಉಳಿಯುತ್ತಿದ್ದೆ. ಅತ್ತೆಗೆ ಅದು ಗೊತ್ತಿತ್ತು. ಬಲವಂತ ಮಾಡಲಿಲ್ಲ.

ಒಂದು ದಿನ ಹುಣಸೆಮರಗಳ ಮೇಲೆ ಹಳದಿ ಗುರುತು ಬಿತ್ತು. ಹೊಲದೊಳಗೆ ಕಲ್ಲು ನೆಟ್ಟು ಹೋದರು. ನಾಲ್ಕು ದೊಡ್ಡ ಊರುಗಳನ್ನು ಸೇರಿಸುವ ರೋಡಂತೆ, ಡಿಲ್ಲಿ, ಬೊಂಬಾಯಿ, ಮದರಾಸು, ಕಲ್ಕತ್ತ, ಅದು ನಮ್ಮ ಅಂಗಳದ ಮುಂದೆಯೇ ಹೋಗುತ್ತದಂತೆ ಎಂದು ಊರೆಲ್ಲ ಮಾತಾಡಿಕೊಂಡಿತು. ಮಾವ ಜಗುಲಿಯ ಮೇಲೆ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದರು. ಅವರು ಕಡಿಮೆ ಮಾತಿನ ಮನುಷ್ಯ. ಆದರೆ ಆ ರಸ್ತೆಯ ವಿಷಯ ಬಂದರೆ ಮನೆಯ ಹಿರಿಯರ ಕತೆ ಹೇಳಿದ ಹಾಗೆ ಹೇಳುತ್ತಿದ್ದರು.

“ನಮ್ಮಪ್ಪನ ಕಾಲ್ದಾಗೆ ಇದು ಜಲ್ಲಿ ರೋಡು ಕಣಮ್ಮ. ಬರ ಬಂದ ವರ್ಷ ಜಲ್ಲಿ ಒಡೆಯಾಕೆ ಜನಾನ ಕರೆಯೋರಂತೆ. ದುಡ್ಡಿಲ್ಲ, ಸಂಜೆಗೆ ರಾಗಿ ಅಳೆದು ಕೊಡೋರಂತೆ. ನಮ್ಮಪ್ಪ, ನಮ್ಮವ್ವ ಇಬ್ರೂ ಒಡೆದೋರೇ. ಆ ರಾಗೀನಾಗೇ ನಾವು ಉಳ್ಕಂಡಿದ್ದು.”

“ಆಮೇಲೆ?”

“ಆಮೇಲೆ ಸರ್ಕಾರದ ಗ್ಯಾಂಗ್ ಬಂತು, ಡಾಂಬರು ಬಂತು. ದುಡ್ಡೆಲ್ಲಿಂದು ಅಂದ್ರೆ ಸರ್ಕಾರದ್ದು ಅನ್ನೋರು. ಈಗ ಯಾವುದೋ ಕಂಪನಿಯಂತೆ. ಸಾಲ ತಂದು ರೋಡ್ ಮಾಡ್ತಾರಂತೆ, ಓಡಾಡೋರ ಹತ್ರ ವಸೂಲಿ ಮಾಡ್ಕಂತಾರಂತೆ. ರೋಡಿಗೂ ಬಾಗ್ಲು ಇಡ್ತಾರಂತೆ ಕಣಮ್ಮ. ಕಾಸ್ ಕೊಟ್ರೆ ತೆಗೀತಾರಂತೆ.”

ಮರ ಕಡಿದರು. ರಸ್ತೆಗೆ ಹತ್ತಿಕೊಂಡಿದ್ದ ನಮ್ಮ ಹೊಲದ ಒಂದು ಪಟ್ಟಿ ಹೋಯಿತು. ಅದಕ್ಕೆ ಪರಿಹಾರ ಬಂತು, ಅದರಲ್ಲಿ ಮನೆಗೆ ಶೀಟು ಹಾಕಿಸಿದೆವು. ಆಮೇಲೆ ಮಣ್ಣು ತಂದು ಸುರಿಯಲು ಶುರು ಮಾಡಿದರು. ದಿನ ಕಳೆದ ಹಾಗೆ ಆ ಮಣ್ಣು ಕೆರೆ ಏರಿಯ ಹಾಗೆ ಎದ್ದು ನಮ್ಮ ಮಾಡಿಗಿಂತ ಎತ್ತರವಾಯಿತು. ಅಂಗಳದಲ್ಲಿ ನಿಂತರೆ ಪಡುವಲ ಕಡೆ ಆಕಾಶವೇ ಅರ್ಧ. ಮುಳುಗುವ ಸೂರ್ಯ ನಮಗೆ ಬೇಗ ಮುಳುಗತೊಡಗಿದ. ಕೆಲಸ ಮುಗಿದ ಮೇಲೆ ನನ್ನ ಗಂಡನಿಗೆ ಆ ಕಂಪನಿಯಲ್ಲೇ ಕೆಲಸ ಸಿಕ್ಕಿತು. ನಡುವಿನ ಡಿವೈಡರಿನಲ್ಲಿ ನೆಟ್ಟ ಕಣಗಿಲೆ ಗಿಡಗಳಿಗೆ ಟ್ಯಾಂಕರಿನಲ್ಲಿ ನೀರು ಹಾಕುವುದು. ಮನೆಗೆ ಮೊದಲ ಸಲ ತಿಂಗಳ ಸಂಬಳ ಬಂತು.

ಹೊಸ ರಸ್ತೆಯ ಸದ್ದೇ ಬೇರೆ. ಹಳೇ ರಸ್ತೆಯಲ್ಲಿ ಗಾಡಿಗಳು ಏದುಸಿರು ಬಿಡುತ್ತ ಬರುತ್ತಿದ್ದವು, ದೂರದಿಂದಲೇ ಗೊತ್ತಾಗುತ್ತಿತ್ತು. ಇಲ್ಲಿ ಏನೂ ಇಲ್ಲ ಎನ್ನುವಷ್ಟರಲ್ಲಿ ಪಕ್ಕದಲ್ಲೇ ಗಾಳಿ ಬಡಿದು ಹೋಗಿರುತ್ತಿತ್ತು. ಅತ್ತೆಗೆ ಒಬ್ಬರೇ ಮಂದೆ ದಾಟಿಸಲು ಆಗದೆ ಮೊದಲ ಸಲ ನನ್ನನ್ನು ಕರೆದರು.

“ನೀನು ಹಿಂದ್ಗಡೆ ನಿಂತ್ಕಳಮ್ಮಿ. ಮರಿ ಉಳೀದಂಗೆ ನೋಡ್ಕಂಡ್ರೆ ಸಾಕು. ಮುಂದ್ಗಡೆ ನಾನಿವ್ನಿ.”

ಅರ್ಧ ರಸ್ತೆ ದಾಟಿದೆವು. ಡಿವೈಡರಿನ ಮೇಲೆ ಕುರಿಗಳು ಒತ್ತೊತ್ತಾಗಿ ನಿಂತವು. ಅತ್ತೆ ಆಚೆ ಅರ್ಧಕ್ಕೆ ಇಳಿದು ಕೋಲು ಎತ್ತಿದರು. ಹಳೇ ಅಭ್ಯಾಸ. ಬಿಳಿ ಕಾರೊಂದು ಬರುತ್ತಿತ್ತು. ಅದು ನಿಲ್ಲಲಿಲ್ಲ, ಹಾರನ್ ಮಾತ್ರ ಹೊಡೆಯಿತು. ಮುಂದಿದ್ದ ಕುರಿಯೊಂದು ಬೆದರಿ ಹಾರಿತು. ಕೇಳಿಸಿದ ಸದ್ದು ಚಿಕ್ಕದು, ತುಂಬಿದ ಚೀಲ ನೆಲಕ್ಕೆ ಬಿದ್ದ ಹಾಗೆ. ಆ ಕಾರು ಒಮ್ಮೆ ಓಲಾಡಿ ಹಾಗೇ ಹೊರಟುಹೋಯಿತು. ಅತ್ತೆ ಒಂದು ಮೊಳ ಹಿಂದೆ ನಿಂತಿದ್ದರಿಂದ ಉಳಿದರು.

ನಾನು ಮರಿಯೊಂದನ್ನು ಎದೆಗೆ ಅವುಚಿಕೊಂಡು ಡಿವೈಡರಿನ ಮೇಲೆ ಕೂತುಬಿಟ್ಟೆ. ಎರಡೂ ಕಡೆ ಗಾಡಿಗಳು. ಏಳಬೇಕು ಎಂದು ಗೊತ್ತು, ಕಾಲು ನನ್ನವೇ ಅಲ್ಲ ಎನ್ನುವ ಹಾಗೆ ಸತ್ತಿದ್ದವು. ಅತ್ತೆ ಮಂದೆಯನ್ನು ಆಚೆ ಮುಟ್ಟಿಸಿ ವಾಪಸ್ಸು ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಬೈಯಲಿಲ್ಲ. ದಾಟಿದ ಮೇಲೆ ಕೆರೆಯಂಗಳದಲ್ಲಿ ಕೂತು ನನಗೂ ಒಂದು ಎಲೆ ಮಡಿಸಿ ಕೊಟ್ಟರು. ಅವರ ಕೈ ಗಟ್ಟಿಯಾಗಿತ್ತು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

ವಿಷಯ ಕೇಳಿದ ನನ್ನ ಗಂಡ ಊಟ ಬಿಟ್ಟು ಎದ್ದ. “ಇನ್ ಮ್ಯಾಲೆ ಹತ್ತಬ್ಯಾಡಿ. ಗಾಡಿಗಳು ಹೆಂಗ್ ಬರ್ತವೆ ಅಂತ ನಾನು ದಿನಾ ನೋಡ್ತೀನಿ. ಕೆಳಗೆ ಮೋರಿ ಐತಲ್ಲ, ಗುಡ್ಡದ ನೀರಿಗೆ ಮಾಡಿರೋದು, ಅದ್ರಾಗೆ ಹೊಡ್ಕಂಡು ಹೋಗಿ.”

ಹೀಗೆ ನಾವು ರಸ್ತೆಯ ಕೆಳಗೆ ಇಳಿದೆವು.

ಆ ಮೋರಿ ಕಾಂಕ್ರೀಟಿನ ಪೆಟ್ಟಿಗೆಯ ಹಾಗಿತ್ತು. ಅತ್ತೆಯಂಥವರು ಬಗ್ಗಿಯೇ ನಡೆಯಬೇಕು. ನಾಲ್ಕು ಪಥದ ರಸ್ತೆಯ ಅಗಲಕ್ಕೂ ಅದು ಉದ್ದ. ನಡುವಿಗೆ ಬಂದರೆ ಮುಂದಿನ ಬೆಳಕೂ ಹಿಂದಿನ ಬೆಳಕೂ ಎರಡು ಬಿಳಿ ಚೌಕಗಳಾಗಿ ಉಳಿಯುತ್ತಿದ್ದವು. ಕಾಲ ಕೆಳಗೆ ಕೆಸರು, ಗಾಜಿನ ಚೂರು, ಬಾವಲಿಯ ವಾಸನೆ. ತಲೆಯ ಮೇಲೆ ಲಾರಿಗಳು ಹೋದಾಗ ಇಡೀ ಪೆಟ್ಟಿಗೆ ಗುಡುಗಿದಂತೆ ಆಗುತ್ತಿತ್ತು. ಒಳಗೆ ಮಾತಾಡಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಅತ್ತೆ ಮುಂದೆ, ನಡುವೆ ಮಂದೆ, ಮರಿಗಳೊಂದಿಗೆ ನಾನು ಕೊನೆಗೆ. ಪ್ರತಿ ಸಲವೂ ಒಳಗೆ ಹೋಗುವಾಗ ಉಸಿರು ಬಿಗಿ ಹಿಡಿಯುತ್ತಿದ್ದೆ, ಆಚೆ ಬಂದ ಮೇಲೆಯೇ ಬಿಡುತ್ತಿದ್ದೆ. ಒಂದು ದಿನ ಅತ್ತೆಯನ್ನು ಕೇಳಿದೆ.

“ಮ್ಯಾಲ್ಗಡೆ ರೋಡ್ ಕುಸಿದ್ರೆ ಏನತ್ತೆ ಮಾಡೋದು?”

“ಕುಸಿದ್ರೆ ಏನ್ಮಾಡ್ತೀಯ, ಕುಸೀತದೆ,” ಎಂದರು. “ದಿನಾ ಅದನ್ನೇ ನೆನೀಬ್ಯಾಡ. ಮುಂದಿನ ಬೆಳಕು ನೋಡ್ಕಂಡು ನಡಿ.”

ಎರಡು ಬೇಸಿಗೆ ಹಾಗೇ ಕಳೆದವು. ನಮ್ಮ ಕಡೆ ಮಳೆಯೇ ಕಡಿಮೆಯಾದ್ದರಿಂದ ಮೋರಿ ಇರುವುದೇ ನೀರಿಗೆ ಎಂಬುದು ನಮಗೆ ಮರೆತೇಹೋಗಿತ್ತು.

ಆ ವರ್ಷ ಹಸ್ತ ಮಳೆ. ಮಧ್ಯಾಹ್ನ ಕಳೆದು ಕೆರೆಯಂಗಳದಿಂದ ಮಂದೆ ತಿರುಗಿಸಿಕೊಂಡು ಬಂದೆವು. ನಮ್ಮ ತಲೆಯ ಮೇಲೆ ಬರೀ ನಾಲ್ಕು ಹನಿ ಬಿದ್ದಿದ್ದವು. ಮಳೆ ಸುರಿಯುತ್ತಿದ್ದದ್ದು ಗುಡ್ಡದ ಹಿಂದೆ, ಮಧುಗಿರಿ ಕಡೆಗೆ. ಆದರೆ ಎದುರಿಗೆ ರಸ್ತೆಯ ಏರಿ ಗೋಡೆಯ ಹಾಗೆ ನಿಂತಿತ್ತು. ಆಚೆಯ ಮೋಡ ನಮಗೆ ಕಾಣಲಿಲ್ಲ. ಗುಡುಗಿದ್ದರೂ ಗಾಡಿಗಳ ಸದ್ದಿನಲ್ಲಿ ಅದು ಗುಡುಗು ಎಂದು ತಿಳಿಯುತ್ತಿರಲಿಲ್ಲ.

“ಬಿರ್ರನೆ ಬಾರಮ್ಮಿ, ಹನಿ ಶುರುವಾಯ್ತು,” ಎಂದು ಅತ್ತೆ ಬಗ್ಗಿ ಒಳಗೆ ಹೋದರು. ಮಂದೆ ಅವರ ಹಿಂದೆ ಹೋಯಿತು. ನಾನು ಬಾಯಿಯಲ್ಲಿ ನಿಂತು ಮರಿಗಳನ್ನು ಒಳಕ್ಕೆ ತಳ್ಳುತ್ತಿದ್ದೆ.

ಮೊದಲು ಮುಂದಿನ ಕುರಿಗಳು ನಿಂತವು. ಯಾಕೆ ನಿಂತವು ಎಂದು ಬಗ್ಗಿ ನೋಡಿದೆ. ಆಚೆ ಕಡೆಯ ಬಿಳಿ ಚೌಕ ಅರ್ಧಕ್ಕೆ ಕಪ್ಪಾಗಿತ್ತು. ಅದು ಏನು ಎಂದು ಹೊಳೆಯುವ ಮೊದಲೇ ನನ್ನ ಪಾದದ ಮೇಲೆ ಕೆಂಪು ನೀರು ಹರಿಯಿತು. ಅದರ ಜೊತೆ ಜಾಲಿಮುಳ್ಳು, ಒಣ ಎಲೆ, ಪ್ಲಾಸ್ಟಿಕ್ ಲೋಟ. ಆಮೇಲೆ ಇಡೀ ಮಂದೆ ತಿರುಗಿತು. ಅಷ್ಟೂ ಕುರಿಗಳು ಒಂದರ ಮೇಲೊಂದು ಹತ್ತಿ ನನ್ನ ಕಡೆಗೇ ನುಗ್ಗಿದವು. ನಾನು ಬಿದ್ದೆ. ಮೈಮೇಲೆ ಗೊರಸುಗಳು ಹಾದುಹೋದವು. ಪಕ್ಕಕ್ಕೆ ಉರುಳಿ ಒಂದು ಜಾಲಿಗಿಡದ ಬುಡ ಹಿಡಿದುಕೊಂಡೆ. ಕುರಿಗಳು ಬಂದವು, ಆಮೇಲೆ ನೀರು ಬಂತು, ಆಮೇಲೆ ನೀರಿನಲ್ಲಿ ಉರುಳುತ್ತ ಕುರಿಗಳು ಬಂದವು. ಅತ್ತೆ ಬರಲಿಲ್ಲ.

“ಅತ್ತಾ,” ಎಂದು ಕೂಗಿದೆ. ಭಯವಾದಾಗ ನನಗೆ ಈಗಲೂ ತೆಲುಗೇ ಬರುತ್ತದೆ. “ಅತ್ತಾ, ಅತ್ತಾ.” ಮೋರಿಯ ಬಾಯಿ ನನ್ನ ಸೊಂಟದ ಮಟ್ಟಕ್ಕೆ ನೀರು ಉಗುಳುತ್ತಿತ್ತು. ಒಳಗೆ ಕತ್ತಲೆ. ನೀರಿನ ಸದ್ದು, ಮೇಲೆ ಲಾರಿಗಳ ಸದ್ದು. ಒಳಗೆ ಹೋಗಲು ಒಂದು ಹೆಜ್ಜೆ ಇಟ್ಟೆ, ನೀರು ನನ್ನ ಕಾಲನ್ನು ಎತ್ತಿ ಹಿಂದಕ್ಕೆ ಎಸೆಯಿತು.

ಅತ್ತೆ ಮುಂದಿದ್ದರು. ಆಚೆ ಬಾಯಿಗೆ ಹತ್ತಿರ ಹೋಗಿದ್ದಿರಬೇಕು. ಅಲ್ಲಿಗೆ ಹೋಗಬೇಕಾದರೆ ಇರುವುದು ಒಂದೇ ದಾರಿ, ಮೇಲೆ ಹತ್ತಿ ರಸ್ತೆ ದಾಟುವುದು.

ಹುಲ್ಲು ಹಿಡಿದು, ಜಾರಿ, ಮತ್ತೆ ಹಿಡಿದು ಏರಿ ಹತ್ತಿದೆ. ಮೇಲೆ ಬಂದಾಗ ಮಳೆ ಅಲ್ಲಿಗೂ ಬಂದಿತ್ತು. ಗಾಡಿಗಳೆಲ್ಲ ದೀಪ ಹಾಕಿಕೊಂಡಿದ್ದವು. ಚಕ್ರಗಳಿಂದ ಏಳುವ ನೀರಿನಲ್ಲಿ ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಯಾವ ದೀಪ ಹತ್ತಿರ, ಯಾವುದು ದೂರ, ಅಂದಾಜೇ ಸಿಗದು. ಆ ರಸ್ತೆಯನ್ನು ನಾನು ಒಬ್ಬಳೇ ಎಂದೂ ದಾಟಿರಲಿಲ್ಲ. ಅಂಚಿನಲ್ಲಿ ನಿಂತು ಅಳುತ್ತಿದ್ದೆ ಎಂಬುದು ನೆನಪಿದೆ. ಒಂದು ಹೆಜ್ಜೆ ಇಡುವುದು, ಹಿಂದಕ್ಕೆ ಬರುವುದು. ಕೊನೆಗೆ ಹೇಗೆ ಓಡಿದೆನೋ ತಿಳಿಯದು. ಡಿವೈಡರಿನ ಕಣಗಿಲೆಯೊಳಗೆ ಮಕಾಡೆ ಬಿದ್ದಾಗಲೇ ಅರ್ಧ ದಾಟಿದ್ದೇನೆ ಎಂದು ಗೊತ್ತಾದದ್ದು. ಹಿಂದೊಮ್ಮೆ ಕಾಲು ಸತ್ತು ಕೂತಿದ್ದ ಹಾಗೆ ಈಗಲೂ ಕೂತುಬಿಡುತ್ತೇನೆ, ಎಬ್ಬಿಸಲು ಅತ್ತೆ ಇಲ್ಲ ಎನ್ನಿಸಿತು. ಆ ಯೋಚನೆಗೇ ಹೆದರಿ ಎದ್ದೆ. ಎರಡೂ ಕೈ ಮೇಲೆತ್ತಿಕೊಂಡು ಆಚೆ ಅರ್ಧಕ್ಕೆ ಇಳಿದೆ.

ಒಂದು ಟೆಂಪೊ ಬ್ರೇಕ್ ಹಾಕಿ, ಅಡ್ಡಡ್ಡ ಜಾರಿ, ನನಗೆ ಕೈ ತಾಕುವಷ್ಟು ಹತ್ತಿರ ನಿಂತಿತು. ಡ್ರೈವರ್ ಇಳಿದ. ಬಿಳಿ ಟೋಪಿ, ಸಣ್ಣ ಗಡ್ಡ.

“ಸಾಯಾಕೆ ನಮ್ಮ ಗಾಡಿನೇ ಸಿಕ್ತಾ ನಿಮಗೆ?”

ರಸ್ತೆಯ ಅಂಚಿಗೆ ಓಡಿ ಕೆಳಗೆ ಕೈ ತೋರಿಸಿದೆ. ಅವನೂ ಬಂದು ಬಗ್ಗಿ ನೋಡಿದ.

ಗುಡ್ಡದ ಕಡೆಯಿಂದ ಬಂದ ನೀರು ಏರಿಗೆ ಒರಗಿ ಸಣ್ಣ ಕೆರೆಯಷ್ಟು ನಿಂತಿತ್ತು. ಮೋರಿಯ ಬಾಯಿ ಬಹುಪಾಲು ಮುಳುಗಿತ್ತು. ಅದರ ಪಕ್ಕದ ಗೋಡೆಯಲ್ಲಿ ಕತ್ತರಿಸದೆ ಬಿಟ್ಟಿದ್ದ ಕಬ್ಬಿಣದ ಸರಳುಗಳಿಗೆ ಅತ್ತೆ ಒಂದು ತೋಳು ಸಿಕ್ಕಿಸಿಕೊಂಡು ನೇತಾಡುತ್ತಿದ್ದರು. ನೀರು ಕೊರಳವರೆಗೆ. ಮೋರಿ ಅವರನ್ನು ಒಳಕ್ಕೆ ಎಳೆಯುತ್ತಿತ್ತು. ಕೈ ಬಿಟ್ಟರೆ ಆ ಕತ್ತಲೆಯೊಳಗೆ ಹೋಗಿಬಿಡುತ್ತಾರೆ. ಅವರ ಬಾಯಿ ತೆರೆದಿತ್ತು. ಕೂಗುತ್ತಿದ್ದರು ಎಂದು ಕಾಣುತ್ತದೆ, ನಮಗೆ ಏನೂ ಕೇಳಿಸಲಿಲ್ಲ.

“ಯಾ ಅಲ್ಲಾ,” ಎಂದ ಡ್ರೈವರ್. ಗಾಡಿಗೆ ಓಡಿ ಟಾರ್ಪಾಲಿನ ಹಗ್ಗ ಬಿಚ್ಚಿ ತಂದ. ರಸ್ತೆ ಬದಿಯ ಕಬ್ಬಿಣದ ಬೇಲಿಗೆ ಒಂದು ತುದಿ ಬಿಗಿದ. ಅಷ್ಟರಲ್ಲಿ ಹಿಂದೆ ನಿಂತ ಲಾರಿಯಿಂದ ಇನ್ನೊಬ್ಬರು ಇಳಿದು ಬಂದರು. ಅವರು ಹಿಂದಿಯಲ್ಲಿ ಏನೋ ಕೇಳಿದರು, ಇವನು “ರಸ್ಸಿ ಪಕಡೋ” ಎಂದು ಹಗ್ಗವನ್ನು ಅವರ ಕೈಗೂ ನನ್ನ ಕೈಗೂ ಕೊಟ್ಟ.

“ಅಮ್ಮಾ, ನಾನ್ ಹೇಳೋವರ್ಗೂ ಬಿಡಬ್ಯಾಡಿ. ಹೆದರ್ಕೊಂಡ್ರೂ ಪರವಾಗಿಲ್ಲ, ಹಗ್ಗ ಮಾತ್ರ ಬಿಡಬ್ಯಾಡಿ.”

ಹಗ್ಗ ಹಿಡಿದು ಅವನೇ ಇಳಿದ. ಅತ್ತೆಯ ತೋಳಿನ ಕೆಳಗೆ ಹಗ್ಗ ಸುತ್ತಿ ಗಂಟು ಹಾಕುವಾಗ ನೀರು ಅವನ ಮುಖದ ಮೇಲೆ ಹಾದುಹೋಯಿತು, ಟೋಪಿ ತೇಲಿಹೋಯಿತು. ಸರಳಿನಿಂದ ಕೈ ಬಿಡಿ ಎಂದು ಅವನು ಹೇಳುತ್ತಿದ್ದಾನೆ, ಅತ್ತೆ ಬಿಡುತ್ತಿಲ್ಲ. ಅವರಿಗೆ ಬಿಡಲು ಆಗುತ್ತಿಲ್ಲ. ಕೊನೆಗೆ ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹಗ್ಗ ಒಮ್ಮೆಲೇ ಭಾರವಾಯಿತು. ನನ್ನ ಅಂಗೈ ಚರ್ಮ ಕಿತ್ತು ಬಂತು, ಅದು ಆಗ ಗೊತ್ತಾಗಲಿಲ್ಲ. ನಾವಿಬ್ಬರೂ ಎಳೆದೆವು. ಅತ್ತೆ ಏರಿಯ ಕೆಸರಿನಲ್ಲಿ ಎಡವುತ್ತ, ಜಾರುತ್ತ ಮೇಲೆ ಬಂದರು. ಡ್ರೈವರ್ ಹಿಂದಿನಿಂದ ತಳ್ಳುತ್ತ ಬಂದ.

ಮೇಲೆ ಬಂದ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಉಗುರು ಇಳಿಯುವಷ್ಟು ಬಿಗಿ. ಕುರಿಯ ಬಗ್ಗೆ ಸಹ ಕೇಳಲಿಲ್ಲ. ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದರು. ಅವರ ಕೈ ನಡುಗುತ್ತಿತ್ತು. ಆ ನಡುಕ ನೋಡಿ ನನಗೆ ಆದ ಭಯ ಮೋರಿಯ ಬಾಯಿಯಲ್ಲೂ ಆಗಿರಲಿಲ್ಲ.

ಆ ಡ್ರೈವರ್ ಶಿರಾದವನೇ. ಅದೇ ಟೆಂಪೊದಲ್ಲಿ ನಮ್ಮನ್ನು ಶಿರಾದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದ. ಅತ್ತೆಯ ತೋಳಿನ ಮೂಳೆ ಬಿರುಕು ಬಿಟ್ಟಿತ್ತು. ನನ್ನ ಗಂಡ ಸುದ್ದಿ ತಿಳಿದು ಒದ್ದೆ ಬಟ್ಟೆಯಲ್ಲೇ ಬಂದು ತಾಯಿಯ ಕಾಲ ಬಳಿ ಕೂತ. ಮೋರಿಯಲ್ಲಿ ಹೋಗಿ ಎಂದು ಹೇಳಿದವನು ಅವನು. ಅದನ್ನು ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕೆರೆಯಂಗಳದ ಜಾಲಿಯಲ್ಲಿ ಸಿಕ್ಕಿಕೊಂಡು ಸತ್ತಿದ್ದ ಕುರಿಗಳನ್ನು ಮಾವ ಮರುದಿನ ಅಲ್ಲೇ ಹೂತು ಬಂದರು. ಎಷ್ಟು ಹೋದವು ಎಂದು ಅತ್ತೆಗೆ ಹೇಳಲಿಲ್ಲ.

ಮೂಳೆ ಕೂಡಿಕೊಂಡಿತು. ಅತ್ತೆ ಮಾತ್ರ ಮೊದಲಿನಂತೆ ಆಗಲಿಲ್ಲ. ಮೋಡ ಕಟ್ಟಿದರೆ ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಒಬ್ಬೊಬ್ಬರನ್ನೇ ಕರೆದು ನೋಡುತ್ತಿದ್ದರು. ಸ್ನಾನದ ಮನೆಯ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಗಂಡನ ಟ್ಯಾಂಕರ್ ಡಿವೈಡರಿನ ಪಕ್ಕ ನಿಂತರೆ ಏರಿಯ ಮೇಲೆ ಅದರ ತಲೆ ಅಂಗಳದಿಂದ ಕಾಣುತ್ತಿತ್ತು. ಅದು ಅಲ್ಲಿರುವಷ್ಟು ಹೊತ್ತೂ ಅವರು ಕಂಬ ಹಿಡಿದು ನಿಂತಿರುತ್ತಿದ್ದರು. ಗಾಡಿಗಳು ಅವನ ಬೆನ್ನ ಹಿಂದೆಯೇ ಹೋಗುತ್ತಿದ್ದವು. ಅವನ ಸಂಬಳ, ನಾವು ಉಣ್ಣುತ್ತಿದ್ದ ಅನ್ನ, ಎಲ್ಲ ಆ ಗಾಡಿಗಳು ಕಟ್ಟುವ ಟೋಲಿನಿಂದಲೇ ಬರುತ್ತಿದ್ದದ್ದು. ಇದನ್ನು ಬಿಟ್ಟುಬಿಡು ಎಂದು ಹೇಳಲು ನಮಗಿಬ್ಬರಿಗೂ ಬಾಯಿ ಬರುತ್ತಿರಲಿಲ್ಲ. ಅತ್ತೆಯ ಪಕ್ಕದಲ್ಲಿ ನಾನೂ ನಿಲ್ಲುತ್ತಿದ್ದೆ.

ಮಾವ ಮತ್ತು ಊರಿನ ಕೆಲವರು ಹೆದ್ದಾರಿಯವರ ಆಫೀಸಿಗೆ ಹೊರಟಾಗ ಓದು ಬರುತ್ತದೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿದ್ದ ಎಂಜಿನಿಯರ್ ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿ, ಟೀ ತರಿಸಿ, ನಮ್ಮ ಮಾತು ಪೂರ್ತಿ ಕೇಳಿದರು. ಆಮೇಲೆ ಬಿಡಿಸಿ ಹೇಳಿದರು. ಈ ರಸ್ತೆಗೆ ದುಡ್ಡು ನಾಲ್ಕಾರು ಕಡೆಯಿಂದ ಬಂದಿದೆ. ಪೆಟ್ರೋಲ್ ಡೀಸೆಲ್ ಹಾಕಿಸಿಕೊಳ್ಳುವ ಪ್ರತಿಯೊಬ್ಬರೂ ಲೀಟರಿಗಿಷ್ಟು ಎಂದು ರಸ್ತೆಗೆ ಕೊಡುತ್ತಾರೆ. ಉಳಿದದ್ದು ಸಾಲ. ಕಟ್ಟಿದ ಕಂಪನಿ ವರ್ಷಗಟ್ಟಲೆ ಟೋಲ್ ವಸೂಲಿ ಮಾಡಿ ಅದನ್ನು ತೀರಿಸಬೇಕು. ನಕ್ಷೆಯಲ್ಲಿ ಮೊದಲೇ ಇದ್ದದ್ದಕ್ಕೆ ಮಾತ್ರ ಆ ದುಡ್ಡು. ನಿಮ್ಮೂರಿನ ಹತ್ತಿರ ನಕ್ಷೆಯಲ್ಲಿ ಇದ್ದದ್ದು ನೀರಿನ ಮೋರಿ, ಜನ ದಾಟುವ ದಾರಿಯಲ್ಲ.

ಮಾವ ಟೀ ಲೋಟ ಕೆಳಗಿಟ್ಟರು. “ನಾವೂ ಬೋರಿಗೆ ಡೀಸೆಲ್ ಹಾಕ್ತೀವಲ್ಲ ಸ್ವಾಮಿ. ನಮ್ದೂ ಕಾಸು ಬಂದಿರ್ಬೇಕಲ್ಲ ಅದ್ರಾಗೆ. ಕುರಿ ಟೋಲ್ ಕಟ್ಟಾಕಿಲ್ಲ, ಅದಕ್ಕೆ ಬುಟ್ಟುಬುಟ್ರಾ?”

ಎಂಜಿನಿಯರ್ ನಗಲಿಲ್ಲ. “ಹಾಗಲ್ಲ ಯಜಮಾನ್ರೇ. ನನ್ನ ಕೈಯಲ್ಲಿಲ್ಲ. ಮುಂದೆ ರಸ್ತೆ ಅಗಲ ಮಾಡುವಾಗ ನೀವು ಕೇಳಲೇಬೇಕು. ಆಗ ಸುಮ್ಮನಿರಬೇಡಿ.”

ಅಲ್ಲಿಂದ ಮುಂದೆ ಮಂದೆಯನ್ನು ಮಾವ ದೂರದ ಸೇತುವೆಯ ಕೆಳಗಿನಿಂದ ಸುತ್ತಿಸಿಕೊಂಡು ಹೋಗತೊಡಗಿದರು. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ಕುರಿ ಕಡಿಮೆ ಮಾಡಿದೆವು. ನನಗೆ ನಮ್ಮೂರಿನ ಅಂಗನವಾಡಿಯಲ್ಲಿ ಕೆಲಸವಾಯಿತು. ಮಳೆ ಬರುವ ದಿನ ಮಕ್ಕಳನ್ನು ಅವರವರ ತಾಯಂದಿರ ಕೈಗೆ ಕೊಡುವವರೆಗೆ ನಾನು ಬಾಗಿಲು ಬಿಟ್ಟು ಕದಲುವುದಿಲ್ಲ. ಮಾವ ತೀರಿಕೊಂಡರು. ಅವರು ಹೋಗಿ ಎಷ್ಟೋ ಕಾಲದ ಮೇಲೆ ಮತ್ತೆ ಅಳತೆಯವರು ಬಂದರು. ನಾಲ್ಕು ಪಥ ಸಾಲದು, ಆರು ಮಾಡುತ್ತಾರಂತೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಸಭೆ ಕರೆದರು. ಅಧಿಕಾರಿಗಳು ಮೇಜಿನ ಮೇಲೆ ನಕ್ಷೆ ಹರಡಿದ್ದರು. ಹೋಗುವ ಮುಂಚೆ ಅತ್ತೆ ನನ್ನನ್ನು ಕರೆದರು.

“ನಾನೂ ಬತ್ತೀನಿ.”

“ಜನ ಜಾಸ್ತಿ ಅತ್ತೆ. ಕೂರೋಕಾಗಲ್ಲ ನಿಮ್ಗೆ.”

“ಬತ್ತೀನಿ ಅಂದ್ನಲ್ಲಮ್ಮಿ.”

ಅಷ್ಟು ವರ್ಷಗಳಲ್ಲಿ ಅವರು ಮನೆಯಿಂದ ಅಷ್ಟು ದೂರ ಬಂದದ್ದು ಅದೇ ಮೊದಲು. ಊರಿನ ಗಂಡಸರು ಹೊಲದ ಪರಿಹಾರ, ಬೋರ್‌ವೆಲ್, ತೆಂಗಿನಮರದ ಬಗ್ಗೆ ಜೋರಾಗಿ ಮಾತಾಡಿದರು. ಕೊನೆಗೆ ಇನ್ನು ಯಾರಾದರೂ ಇದ್ದೀರಾ ಎಂದಾಗ ಅತ್ತೆ ನನ್ನ ಭುಜ ಹಿಡಿದು ಎದ್ದು ನಿಂತರು. ಮೈಕು ಕೊಟ್ಟರೆ ಬೇಡ ಎಂದರು.

“ನಂಗೆ ದುಡ್ಡು ಬ್ಯಾಡ ಸ್ವಾಮಿ. ನಾನು ಈ ರೋಡಿನ ಕೆಳಗೆ ಸಾಯ್ಬೇಕಾಗಿತ್ತು, ಶಿರಾದ ಸಾಬ್ರೊಬ್ರು ಎತ್ತಿದ್ರು. ಅವತ್ತಿಂದ ನಂಗೆ ಭಯ. ಮಳೆ ಬಂದ್ರೆ ಭಯ, ಬಾಗ್ಲು ಹಾಕಿದ್ರೆ ಭಯ. ನನ್ ಮಗ ಮ್ಯಾಲೆ ನಿಂತ್ರೆ ಭಯ, ಸೊಸೆ ಕೆಳಗೆ ಹೋದ್ರೆ ಭಯ. ಮುದುಕಿ, ನಂದೇನು, ಹೋಯ್ತು. ಈ ಊರಿನ ಮಕ್ಳಿಗೂ ಇದನ್ನೇ ಮಡಗಿ ಹೋಗ್ಬ್ಯಾಡಿ. ನೆಟ್ಟಗೆ ನಿಂತ್ಕಂಡು ದಾಟೋ ಅಂಗೆ ಒಂದು ದಾರಿ ಮಾಡ್ಕೊಡಿ.”

ಅಷ್ಟು ಹೇಳಿ ಕೂತರು. ತೋಳ ಓಡಿಸಿದ ಹೆಂಗಸು ಎಂದೇ ಊರು ಅವರನ್ನು ಬಲ್ಲದು. ನಡುವೆ ಕೂತಿದ್ದ ಅಧಿಕಾರಿ ನಕ್ಷೆಯ ಮೇಲೆ ಬಗ್ಗಿ, ಮೋರಿ ಎಲ್ಲಿದೆ ತೋರಿಸಿ ಎಂದು ಕೇಳಿದರು. ನಾನು ಹೋಗಿ ತೋರಿಸಿದೆ.

ಅದೇ ಕಾರಣವೋ, ಮೊದಲೇ ನಿರ್ಧಾರವಾಗಿತ್ತೋ ನನಗೆ ತಿಳಿಯದು. ಆರು ಪಥದ ಜೊತೆಗೆ ನಮ್ಮೂರಿನ ಹತ್ತಿರ ಅಂಡರ್‌ಪಾಸ್ ಬಂತು. ಹುಲ್ಲು ತುಂಬಿದ ಟ್ರ್ಯಾಕ್ಟರ್ ಆರಾಮವಾಗಿ ಹೋಗುವಷ್ಟು ಎತ್ತರ. ನೀರಿಗೆ ಬೇರೆ ಮೋರಿ ಮಾಡಿದ್ದಾರೆ. ಈಗ ನನ್ನ ಗಂಡ ಟ್ಯಾಂಕರ್ ಬಿಟ್ಟು ಮನೆಯ ಕುರಿ ನೋಡಿಕೊಳ್ಳುತ್ತಾನೆ. ಪ್ರಾಯ ಸಂದಿತು, ರಸ್ತೆಯ ನಡುವೆ ನಿಲ್ಲುವ ಕಸುವಿಲ್ಲ ಎಂದ. ಆ ದಿನ ನಾನೂ ಅತ್ತೆಯೂ ಮನಸಾರೆ ಉಂಡೆವು.

ಅಂಡರ್‌ಪಾಸನ್ನು ಓಡಾಟಕ್ಕೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅತ್ತೆ ತಾವೇ ಕೇಳಿದರು, ನೋಡಿ ಬರೋಣ ನಡಿ ಎಂದು. ಬಿಸಿಲು ಚೆನ್ನಾಗಿತ್ತು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನನ್ನ ಗಂಡ ಮಂದೆಯೊಂದಿಗೆ ಮುಂದೆ ಹೋದ. ನಾನು ಅತ್ತೆಯ ಕೈ ಹಿಡಿದು ಹಿಂದೆ ಹೊರಟೆ. ನೆರಳಿನೊಳಗೆ ಹೆಜ್ಜೆಯಿಟ್ಟಾಗ ಅವರು ತಲೆಯೆತ್ತಿ ಮೇಲಿನ ಕಾಂಕ್ರೀಟು ನೋಡಿದರು. ಬಗ್ಗುವ ಅಗತ್ಯವಿರಲಿಲ್ಲ, ಆದರೂ ಬಗ್ಗಿದರು. ಸ್ವಲ್ಪ ದೂರ ನಡೆದೆವು. ಮೇಲೆ ಒಂದು ಲಾರಿ ಹೋಯಿತು. ಅವರು ನಿಂತರು.

“ಏನೂ ಇಲ್ಲ ಅತ್ತೆ. ಲಾರಿ.”

“ಗೊತ್ತಮ್ಮಿ.”

ಇನ್ನೊಂದು ಲಾರಿ ಹೋಯಿತು. ಆಚೆ ಬಿಸಿಲಿನಲ್ಲಿ ಕುರಿಗಳು ಕೆರೆಯಂಗಳಕ್ಕೆ ಇಳಿಯುತ್ತಿರುವುದು ಕಾಣುತ್ತಿತ್ತು.

“ಚೆನ್ನಾಗ್ ಮಾಡವ್ರೆ,” ಎಂದರು. “ಮಕ್ಳು ಹೋಗ್ಬೌದು. ನಂಗಾಗಾಕಿಲ್ಲ. ವಾಪಸ್ ಹೋಗಾನ.”

ನನ್ನ ಹೆಜ್ಜೆಯೂ ಆಗಲೇ ಮನೆಯ ಕಡೆ ತಿರುಗಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ಇಬ್ಬರೂ ತಿರುಗಿ ಮನೆಗೆ ಬಂದು ಕಾಫಿ ಮಾಡಿಕೊಂಡು ಕುಡಿದೆವು.